ಕಸ ಬೇರ್ಪಡಿಸಿದ್ದಾಯಿತು, ಇನ್ನು ಕೊಳ್ಳುವವರು ಬೇಕು

ಹಸಿ ಕಸ ಬೇರೆ, ಒಣ ಕಸ ಬೇರೆ ಎಂಬ ಪಾಠವನ್ನು ಕರ್ನಾಟಕ ಕಷ್ಟಪಟ್ಟು ಕಲಿತಿದೆ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಸಹಿಸಿಕೊಂಡ ಮಾವಳ್ಳಿಪುರದ ಜನ ತಿರುಗಿಬಿದ್ದ ಮೇಲೆ 2012ರಲ್ಲಿ ಅಲ್ಲಿನ ಕಸದ ಗುಡ್ಡೆಗೆ ಬೀಗ ಬಿತ್ತು. ಮಂಡೂರಿಗೆ ಲಾರಿಗಳು ಹೋಗುವುದು 2014ರ ಕೊನೆಯಲ್ಲಿ ನಿಂತಿತು. ಮನೆಯಲ್ಲೇ ಕಸ ವಿಂಗಡಿಸುವುದು ಕಡ್ಡಾಯ ಎಂದು ಹೈಕೋರ್ಟ್ 2015ರ ಡಿಸೆಂಬರ್‌ನಲ್ಲಿ ಆದೇಶಿಸಿತು. ಈಗ ಹಳ್ಳಿಗಳಲ್ಲೂ ಕಸದ ಗಾಡಿ ಓಡಾಡುತ್ತಿದೆ. ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿ, ಮಂಗಳೂರು ಬಳಿಯ ತೆಂಕ ಎಡಪದವಿನಲ್ಲಿ ಹತ್ತಾರು ಗ್ರಾಮ ಪಂಚಾಯಿತಿಗಳ ಒಣ ಕಸವನ್ನು ಒಂದೆಡೆ ತಂದು ವಿಂಗಡಿಸುವ, ದಿನಕ್ಕೆ 10 ಟನ್ ಸಾಮರ್ಥ್ಯದ ಘಟಕಗಳು ಎದ್ದಿವೆ. ಇದು ಸಣ್ಣ ಸಾಧನೆಯಲ್ಲ.

ಆದರೆ ವಿಂಗಡಣೆ ಅರ್ಧ ಕೆಲಸ ಮಾತ್ರ. ವಿಂಗಡಿಸಿದ್ದನ್ನು ಒಬ್ಬರು ದುಡ್ಡು ಕೊಟ್ಟು ಕೊಳ್ಳಬೇಕು, ಅದರಿಂದ ಇನ್ನೊಂದು ವಸ್ತು ಮಾಡಬೇಕು, ಆ ವಸ್ತುವನ್ನು ಮತ್ತೊಬ್ಬರು ಕೊಳ್ಳಬೇಕು. ಆಗಲೇ ಅದು ಮರುಬಳಕೆ. ಕೊನೆಯ ಗಿರಾಕಿ ಕೈಕೊಟ್ಟರೆ ಹಿಂದಿನ ಸಾಲೆಲ್ಲ ಕುಸಿಯುತ್ತದೆ; ಚೆನ್ನಾಗಿ ವಿಂಗಡಿಸಿದ ಕಸವೂ ಕೊನೆಗೆ ಕ್ವಾರಿ ಸೇರುತ್ತದೆ, ಇಲ್ಲವೇ ಯಾರೋ ಬೆಂಕಿ ಇಡುತ್ತಾರೆ. ಜಾಗೃತಿಗೆ, ಭಿತ್ತಿಪತ್ರಕ್ಕೆ, ಬೀದಿ ನಾಟಕಕ್ಕೆ ನಾವು ಕೊಟ್ಟ ಗಮನದ ಕಾಲು ಭಾಗವನ್ನೂ ಈ ಗಿರಾಕಿಗೆ ಕೊಟ್ಟಿಲ್ಲ. ಕರ್ನಾಟಕದಲ್ಲಿ ಎಲ್ಲರಿಗಿಂತ ದೊಡ್ಡ ಗಿರಾಕಿ ರಾಜ್ಯ ಸರ್ಕಾರವೇ. ರಸ್ತೆ, ಚರಂಡಿ, ಶಾಲೆಯ ಕೊಠಡಿ, ಪಠ್ಯಪುಸ್ತಕ, ನರ್ಸರಿಯ ಗೊಬ್ಬರ, ಕಸದ ಬಕೆಟ್ಟು, ಎಲ್ಲವನ್ನೂ ಅದು ಕೊಳ್ಳುತ್ತದೆ. ಅದು ಮನಸ್ಸು ಮಾಡಿದರೆ ಮರುಬಳಕೆಯ ವಸ್ತುಗಳಿಗೆ ಮಾರುಕಟ್ಟೆ ಹುಟ್ಟುತ್ತದೆ. ಮಾಡದಿದ್ದರೆ ಬೇರೆ ಯಾರಿಂದಲೂ ಅದು ಸಾಧ್ಯವಿಲ್ಲ.

ಯಾವುದಾದರೂ ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ನೆಲದ ಮೇಲೆ ಸುರಿದ ರಾಶಿಯ ಸುತ್ತ ಕೂತ ಹೆಂಗಸರು ಕಣ್ಣು ಮಿಟುಕಿಸುವಷ್ಟರಲ್ಲಿ ಒಂದೊಂದನ್ನು ಒಂದೊಂದು ಚೀಲಕ್ಕೆ ಎಸೆಯುತ್ತಿರುತ್ತಾರೆ. ಪೆಟ್ ಬಾಟಲಿ ಒಂದು ಕಡೆ, ಶಾಂಪೂ ಡಬ್ಬಿ ಇನ್ನೊಂದು ಕಡೆ. ರಟ್ಟು ಬೇರೆ, ಬಿಳಿ ಕಾಗದ ಬೇರೆ, ಬಣ್ಣದ ಕಾಗದ ಬೇರೆ. ಹಾಲಿನ ಕವರಿಗೆ ಅದರದ್ದೇ ಚೀಲ. ತೊಳೆದು ಒಣಗಿಸಿದ್ದರೆ ಒಂದು ರೇಟು, ಹುಳಿ ವಾಸನೆ ಹೊಡೆಯುತ್ತಿದ್ದರೆ ಇನ್ನೊಂದು. ಬಾಟಲಿಯನ್ನು ಹಿಂಡಿ ನೋಡಿ, ಕವರನ್ನು ಕಿವಿಯ ಹತ್ತಿರ ಹಿಡಿದು ಸದ್ದು ಕೇಳಿ ಅದು ಯಾವ ಜಾತಿಯ ಪ್ಲಾಸ್ಟಿಕ್ ಎಂದು ಹೇಳಬಲ್ಲವರು ಅವರಲ್ಲಿದ್ದಾರೆ. ಈ ಚೀಲಗಳೆಲ್ಲ ಬೇಲ್ ಆಗಿ, ಲಾರಿ ಹತ್ತಿ, ನಾಯಂಡಹಳ್ಳಿಯ ಪ್ಲಾಸ್ಟಿಕ್ ಘಟಕಗಳಿಗೋ ಜಾಲಿ ಮೊಹಲ್ಲಾದ ರದ್ದಿ ವ್ಯಾಪಾರಿಗಳಿಗೋ ಹೋಗುತ್ತವೆ. ಮೂಲೆಯಲ್ಲಿ ಇನ್ನೊಂದು ರಾಶಿ ಹಾಗೇ ಬೆಳೆಯುತ್ತಿರುತ್ತದೆ: ಚಿಪ್ಸ್ ಪೊಟ್ಟಣ, ಬಿಸ್ಕತ್ತಿನ ಹೊದಿಕೆ, ಹರಿದ ಚಪ್ಪಲಿ, ಥರ್ಮೋಕೋಲ್. ಅದಕ್ಕೆ ರೇಟಿಲ್ಲ. ಅದನ್ನು ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಕಳಿಸಬೇಕಾದರೆ ಲಾರಿ ಬಾಡಿಗೆಯನ್ನು ಯಾರಾದರೂ ಕೈಯಿಂದ ಹಾಕಬೇಕು.

ಚಿಂದಿ ಆಯುವವರಿಗೆ ಬೆಂಗಳೂರು ಪಾಲಿಕೆ ಗುರುತಿನ ಚೀಟಿ ಕೊಡಲು ಶುರುಮಾಡಿದ್ದು 2011ರಲ್ಲಿ, ಲೋಕ್ ಅದಾಲತ್ ಸೂಚಿಸಿದ ಮೇಲೆ. ಹಸಿರು ದಳದಂಥ ಸಂಘಟನೆಗಳ ಒತ್ತಾಸೆಯಿಂದ ಅವರಲ್ಲಿ ಹಲವರು ಇಂದು ಇಂಥ ಕೇಂದ್ರಗಳನ್ನು ತಾವೇ ನಡೆಸುತ್ತಿದ್ದಾರೆ. ಇವರ ಮನೆಯ ಒಲೆ ಉರಿಯುವುದು ಬೇಲ್ ಎಷ್ಟಕ್ಕೆ ಮಾರಿತು ಎಂಬುದರ ಮೇಲೆ. ಆ ಬೆಲೆಯೋ ಅವರ ಕೈಯಲ್ಲಿಲ್ಲ, ಈ ರಾಜ್ಯದ ಕೈಯಲ್ಲೂ ಇಲ್ಲ. ಕಚ್ಚಾ ತೈಲ ಅಗ್ಗವಾದರೆ ಹೊಸ ಪ್ಲಾಸ್ಟಿಕ್ ಅಗ್ಗವಾಗುತ್ತದೆ. ಆಗ ಹಳೆಯದನ್ನು ತೊಳೆದು, ಪುಡಿಮಾಡಿ, ಕರಗಿಸಿ ಮಾಡಿದ ಕಾಳನ್ನು ಕೇಳುವವರಿರುವುದಿಲ್ಲ. ಚೀನಾ 2018ರ ಜನವರಿಯಿಂದ 24 ಬಗೆಯ ತ್ಯಾಜ್ಯದ ಆಮದು ನಿಲ್ಲಿಸಿದಾಗ ಅಮೆರಿಕದ ಎಷ್ಟೋ ಊರುಗಳಲ್ಲಿ ವಿಂಗಡಿಸಿದ ಕಾಗದ, ಪ್ಲಾಸ್ಟಿಕ್‌ಗಳಿಗೆ ಗಿರಾಕಿ ಇಲ್ಲದಂತಾಗಿ, ಅವನ್ನು ಹೂಳುವ, ಸುಡುವ ಸ್ಥಿತಿ ಬಂದಿತ್ತು. ಅಲ್ಲಿನವರಿಗೆ ಶಿಸ್ತು ಕಡಿಮೆ ಇರಲಿಲ್ಲ. ದೂರದ ಒಬ್ಬನೇ ಗಿರಾಕಿಯನ್ನು ನಂಬಿ ಕೂತಿದ್ದರು, ಅಷ್ಟೆ.

ಸರ್ಕಾರ ಮಾರುಕಟ್ಟೆ ಸೃಷ್ಟಿಸುವುದು ಕನಸಿನ ಮಾತಲ್ಲ ಎನ್ನಲು ನಮ್ಮ ದೇಶದ್ದೇ ದೊಡ್ಡ ಉದಾಹರಣೆಯಿದೆ. ರಾಯಚೂರಿನ ಶಕ್ತಿನಗರದಂಥ ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿ ಒಂದು ಕಾಲದಲ್ಲಿ ಯಾರಿಗೂ ಬೇಡದ ವಸ್ತು. 1996–97ರಲ್ಲಿ ದೇಶದಲ್ಲಿ ಉತ್ಪತ್ತಿಯಾದ ಬೂದಿಯಲ್ಲಿ ಬಳಕೆಯಾಗುತ್ತಿದ್ದುದು ಶೇ 10ಕ್ಕಿಂತ ಕಡಿಮೆ. 1999ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ, ಸ್ಥಾವರಗಳ ಸುತ್ತ 50 ಕಿ.ಮೀ. ಒಳಗಿನ ಇಟ್ಟಿಗೆ ತಯಾರಕರು ಬೂದಿ ಬೆರೆಸಲೇಬೇಕು ಎಂದಿತು. ಆಮೇಲೆ ಆ ದೂರ 100 ಕಿ.ಮೀ. ಆಯಿತು, 2016ರಲ್ಲಿ 300 ಕಿ.ಮೀ. ಆಯಿತು. ಸಿಮೆಂಟಿನಲ್ಲಿ, ರಸ್ತೆ ಏರಿಯಲ್ಲಿ, ಬ್ಲಾಕುಗಳಲ್ಲಿ ಬೂದಿಗೆ ಮಾನದಂಡ ಬಂತು. 2021–22ರ ಹೊತ್ತಿಗೆ ಬಳಕೆ ಶೇ 95 ದಾಟಿತ್ತು. ಈ ಲೆಕ್ಕದಲ್ಲಿ ತಗ್ಗು ತುಂಬಿದ ಬೂದಿಯೂ ಸೇರಿದೆ ಎಂಬ ಆಕ್ಷೇಪ ನ್ಯಾಯವಾದುದೇ. ಆದರೂ ಇಂದು ತಾಲ್ಲೂಕು ಕೇಂದ್ರಗಳಲ್ಲೂ ಬೂದಿ ಇಟ್ಟಿಗೆಯ ಘಟಕಗಳಿವೆ, ಅದರಲ್ಲಿ ಬದುಕುವ ಕುಟುಂಬಗಳಿವೆ. ಆದೇಶ, ಮಾನದಂಡ, ಬಿಡದ ಬೆನ್ನಟ್ಟುವಿಕೆ: ಇಪ್ಪತ್ತು ವರ್ಷದ ಈ ಕೆಲಸದಿಂದ ಬೇಡದ ವಸ್ತುವಿಗೆ ಬೆಲೆ ಬಂತು.

ರಾಜ್ಯ ಸರ್ಕಾರದ ಕೈಗೆ ತೀರ ಹತ್ತಿರವಿರುವುದು ಕಟ್ಟಡದ ಅವಶೇಷ. ಗುತ್ತಿಗೆದಾರರ ಬಾಯಲ್ಲಿ ಅದು ‘ಡೆಬ್ರಿಸ್’. ಹಳೆ ಮನೆ ಒಡೆದಾಗ ಬರುವ ಕಾಂಕ್ರೀಟ್ ತುಂಡು, ಇಟ್ಟಿಗೆ ಚೂರು, ಗಾರೆಯ ಪುಡಿಯನ್ನು ರಾತ್ರಿ ಟ್ರ್ಯಾಕ್ಟರಿನಲ್ಲಿ ತಂದು ಕೆರೆಯಂಚಿಗೆ, ರಾಜಕಾಲುವೆಯ ಬದಿಗೆ ಸುರಿದು ಹೋಗುವುದು ಬೆಂಗಳೂರು, ಮೈಸೂರು, ಹುಬ್ಬಳ್ಳಿ ಎಲ್ಲ ಕಡೆ ಕಾಣುವ ದೃಶ್ಯ. ಮಳೆ ಬಂದಾಗ ನೀರು ಮನೆಗೆ ನುಗ್ಗುವುದಕ್ಕೆ ಇದೂ ಒಂದು ಕಾರಣ. ಈ ಅವಶೇಷವನ್ನು ಪುಡಿಮಾಡಿ, ಜರಡಿ ಹಿಡಿದು, ತೊಳೆದರೆ ಜಲ್ಲಿ ಸಿಗುತ್ತದೆ, ಮರಳು ಸಿಗುತ್ತದೆ. ಅದರಿಂದ ಫುಟ್‌ಪಾತಿನ ಇಂಟರ್‌ಲಾಕ್ ಕಲ್ಲು, ಕರ್ಬ್ ಕಲ್ಲು, ಕಾಂಪೌಂಡಿಗೆ ಬೇಕಾದ ಸಾಲಿಡ್ ಬ್ಲಾಕ್ ಮಾಡಬಹುದು. ಬೆಂಗಳೂರಿನ ಚಿಕ್ಕಜಾಲದ ಬಳಿ ಇಂಥ ಘಟಕವೊಂದು ವರ್ಷಗಳಿಂದ ಇದೆ. ನಗರದಲ್ಲಿ ಬೀಳುವ ಅವಶೇಷದ ಗಾತ್ರ ನೋಡಿದರೆ ಇಂಥವು ಊರಿನ ನಾಲ್ಕೂ ದಿಕ್ಕಿಗೆ ಬೇಕಿತ್ತು.

ಏಕೆ ಬರಲಿಲ್ಲ? ಜಲ್ಲಿಗೆ ಗುಣಮಟ್ಟ ಇಲ್ಲವೆಂದೇ? ಇದೆ. ಭಾರತೀಯ ಮಾನಕ ಬ್ಯೂರೋ 2016ರಲ್ಲಿ ಐಎಸ್ 383 ಮಾನದಂಡವನ್ನು ಪರಿಷ್ಕರಿಸಿ, ಹಳೆ ಕಾಂಕ್ರೀಟಿನಿಂದ ತೆಗೆದ ಜಲ್ಲಿಯನ್ನು ಸಾದಾ ಕಾಂಕ್ರೀಟಿನಲ್ಲಿ ಶೇ 25ರವರೆಗೆ, ಎಂ-25 ದರ್ಜೆಯೊಳಗಿನ ಕಬ್ಬಿಣ ಹಾಕಿದ ಕಾಂಕ್ರೀಟಿನಲ್ಲಿ ಶೇ 20ರವರೆಗೆ, ತಳಪಾಯದ ಬಡ ಕಾಂಕ್ರೀಟಿನಲ್ಲಿ ಪೂರ್ತಿಯಾಗಿ ಬಳಸಬಹುದು ಎಂದು ಸ್ಪಷ್ಟವಾಗಿ ಹೇಳಿದೆ. ಕಾನೂನು ಇಲ್ಲವೆಂದೇ? ಅದೂ ಇದೆ. ಅದೇ ವರ್ಷದ ಕಟ್ಟಡ ತ್ಯಾಜ್ಯ ನಿಯಮಗಳು ಸರ್ಕಾರಿ ಮತ್ತು ಪಾಲಿಕೆ ಕಾಮಗಾರಿಗಳಲ್ಲಿ ಶೇ 10ರಿಂದ 20ರಷ್ಟು ಮರುಬಳಕೆಯ ವಸ್ತು ಕಡ್ಡಾಯವಾಗಬೇಕೆಂದು ರಾಜ್ಯಗಳ ಮೇಲೆ ಹೊಣೆ ಹೊರಿಸಿದ್ದವು. ಹತ್ತು ವರ್ಷ ಕಳೆಯಿತು. ನಿಮ್ಮ ಬೀದಿಯಲ್ಲಿ ಈಚೆಗೆ ಆದ ಚರಂಡಿಯಲ್ಲಿ ಅಂಥ ಒಂದು ಕಲ್ಲಾದರೂ ಇದೆಯೇ?

ದೆಹಲಿಯಲ್ಲಿ ಹಾಗಾಗಲಿಲ್ಲ. ಬುರಾರಿಯಲ್ಲಿ 2009ರಲ್ಲಿ ಘಟಕ ಶುರುವಾಯಿತು. ಮೊದಮೊದಲು ತಯಾರಾದ ಮಾಲಿಗೆ ಅಲ್ಲೂ ಗಿರಾಕಿ ಇರಲಿಲ್ಲ. 2015ರಲ್ಲಿ ದೆಹಲಿ ಸರ್ಕಾರ ತನ್ನ ಕಟ್ಟಡ ಕಾಮಗಾರಿಗಳಲ್ಲಿ ಕನಿಷ್ಠ ಶೇ 2, ರಸ್ತೆ ಕಾಮಗಾರಿಗಳಲ್ಲಿ ಕನಿಷ್ಠ ಶೇ 10 ಇಂಥ ವಸ್ತು ಇರಲೇಬೇಕು ಎಂದು ಆದೇಶಿಸಿತು. ಸುಪ್ರೀಂ ಕೋರ್ಟಿನ ಹೊಸ ಕಟ್ಟಡಕ್ಕೆ ಬುರಾರಿಯ ಲಕ್ಷಾಂತರ ಬ್ಲಾಕುಗಳು ಹೋದವು. ದೇಶದ ಅತ್ಯುನ್ನತ ನ್ಯಾಯಾಲಯದ ಗೋಡೆಗೆ ಆಗುವ ಬ್ಲಾಕು ನಮ್ಮ ತಾಲ್ಲೂಕು ಕಚೇರಿಯ ಕಾಂಪೌಂಡಿಗೆ ಆಗುವುದಿಲ್ಲವೇ?

ನಮ್ಮಲ್ಲಿ ತೊಡಕು ಇರುವುದು ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ. ಎಂಜಿನಿಯರುಗಳು ಎಸ್.ಆರ್. ಎಂದು ಕರೆಯುವ ಪುಸ್ತಕ ಅದು. ಯಾವ ಕೆಲಸಕ್ಕೆ ಯಾವ ವಸ್ತು, ಯಾವ ದರ ಎಂಬುದೆಲ್ಲ ಅದರಲ್ಲಿರುತ್ತದೆ. ದಿನಸಿ ಚೀಟಿಯಲ್ಲಿ ಬರೆಯದ ಸಾಮಾನು ಅಂಗಡಿಯಿಂದ ಮನೆಗೆ ಬರುವುದಿಲ್ಲ, ಎಸ್.ಆರ್.ನಲ್ಲಿ ಇಲ್ಲದ ವಸ್ತು ಎಸ್ಟಿಮೇಟಿಗೆ ಬರುವುದಿಲ್ಲ. ಎಸ್ಟಿಮೇಟಿನಲ್ಲಿ ಇಲ್ಲದ್ದನ್ನು ಗುತ್ತಿಗೆದಾರ ಹಾಕಿದರೆ ಬಿಲ್ ಪಾಸಾಗುವುದಿಲ್ಲ, ನಾಳೆ ಆಡಿಟ್ ಆಕ್ಷೇಪಣೆ ಬಂದರೆ ಉತ್ತರ ಕೊಡಬೇಕಾದವರು ಸಹಿ ಹಾಕಿದ ಸಹಾಯಕ ಎಂಜಿನಿಯರ್. ಆ ಎಂಜಿನಿಯರ್ ಹೊಸ ವಸ್ತುವಿಗೆ ಹೆದರುವುದು ಸಹಜ. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಅವರ ಬೆನ್ನಿಗೆ ಒಂದು ಆದೇಶ ಬೇಕು, ಪ್ರತಿ ಐಟಮ್ಮಿಗೆ ದರ ಬೇಕು, ಜಿಲ್ಲೆಯಲ್ಲೇ ಮಾಲು ಪರೀಕ್ಷಿಸಿ ವರದಿ ಕೊಡುವ ಪ್ರಯೋಗಾಲಯ ಬೇಕು. ಎಂಜಿನಿಯರಿಂಗ್ ಕಾಲೇಜುಗಳು ಪ್ರತಿ ಜಿಲ್ಲೆಯಲ್ಲೂ ಇವೆ, ಅವುಗಳ ಕಾಂಕ್ರೀಟ್ ಲ್ಯಾಬುಗಳನ್ನೇ ಇದಕ್ಕೆ ಒಪ್ಪಂದ ಮಾಡಿಕೊಳ್ಳಬಹುದು.

ಇದೆಲ್ಲ ಆಗುವ ಕೆಲಸವೇ ಎನ್ನುವವರು ಎಂ-ಸ್ಯಾಂಡ್ ಕಥೆ ನೆನಪಿಸಿಕೊಳ್ಳಲಿ. ಕಲ್ಲು ಪುಡಿಮಾಡಿದ ಮರಳು ಎಂದರೆ ಮೇಸ್ತ್ರಿಗಳು ಮೂಗು ಮುರಿಯುತ್ತಿದ್ದ ಕಾಲವಿತ್ತು. ಗಾರೆ ಹಿಡಿಯುವುದಿಲ್ಲ, ಗೋಡೆ ಬಿರುಕು ಬಿಡುತ್ತದೆ ಎನ್ನುತ್ತಿದ್ದರು. ಹೊಳೆ ಮರಳಿಗೆ ಕಡಿವಾಣ ಬಿತ್ತು, ಸರ್ಕಾರಿ ಕಾಮಗಾರಿಗಳು ಎಂ-ಸ್ಯಾಂಡನ್ನು ಒಪ್ಪಿಕೊಂಡವು. ಸರ್ಕಾರಿ ಕೆಲಸ ಮಾಡಿದ ಮೇಸ್ತ್ರಿಯೇ ನಾಳೆ ಖಾಸಗಿ ಮನೆ ಕಟ್ಟುವವರಿಗೂ ‘ಇದನ್ನೇ ಹಾಕಿ’ ಎಂದರು. ಇವತ್ತು ರಾಜ್ಯದ ಬಹುತೇಕ ಮನೆಗಳು ಏಳುತ್ತಿರುವುದು ಅದರಲ್ಲೇ.

ಟೆಂಡರ್ ಕಾನೂನು ಅಡ್ಡಿ ಎಂಬ ಮಾತೂ ಕಚೇರಿಗಳಲ್ಲಿ ಕೇಳಿಬರುತ್ತದೆ. 1999ರ ಪಾರದರ್ಶಕತೆ ಕಾಯ್ದೆಯಡಿ ಕಡಿಮೆ ದರ ಹಾಕಿದವರಿಗೇ ಕೆಲಸ, ಎಲ್-1 ಬಿಟ್ಟು ಅತ್ತಿತ್ತ ಹೋಗುವಂತಿಲ್ಲ ಎನ್ನುತ್ತಾರೆ. ಇದು ಪೂರ್ತಿ ಸರಿಯಲ್ಲ. ಟೆಂಡರಿನ ವಿವರಣೆಯಲ್ಲೇ ‘ಇಷ್ಟು ಪಾಲು ಮರುಬಳಕೆಯ ಜಲ್ಲಿ ಇರತಕ್ಕದ್ದು’ ಎಂದು ಬರೆದರೆ ಎಲ್ಲ ಗುತ್ತಿಗೆದಾರರೂ ಅದೇ ಷರತ್ತಿನ ಮೇಲೆ ದರ ಹಾಕುತ್ತಾರೆ; ಅವರಲ್ಲಿ ಕಡಿಮೆ ಹಾಕಿದವರು ಎಲ್-1. ಕಾಯ್ದೆಗೆ ಒಂದು ಗೀರೂ ಬೀಳುವುದಿಲ್ಲ. ಇನ್ನೂ ಮುಂದೆ ಹೋಗಬೇಕೆಂದರೆ ತಿದ್ದುಪಡಿಯ ದಾರಿಯೂ ಇದೆ. ಪರಿಶಿಷ್ಟ ಜಾತಿ ಮತ್ತು ಪಂಗಡದ ಗುತ್ತಿಗೆದಾರರಿಗೆ ಶೇ 24.10ರಷ್ಟು ಕಾಮಗಾರಿ ಮೀಸಲಿಡಲು ಇದೇ ಕಾಯ್ದೆಯನ್ನು ವಿಧಾನಮಂಡಲ ತಿದ್ದಿತು. ಸಾರ್ವಜನಿಕ ಹಣದಲ್ಲಿ ಏನು ಕೊಳ್ಳಬೇಕು, ಯಾರಿಂದ ಕೊಳ್ಳಬೇಕು ಎಂಬುದು ನೀತಿಯ ಪ್ರಶ್ನೆ ಎಂದು ಈ ರಾಜ್ಯ ಆಗಲೇ ಒಪ್ಪಿಕೊಂಡಿದೆ. ಅದೇ ಧೈರ್ಯವನ್ನು ಇಲ್ಲೂ ತೋರಿಸಿದರೆ, ಚಿಂದಿ ಆಯುವವರ ಸಂಘಗಳು ನಡೆಸುವ ಕೇಂದ್ರಗಳಿಂದ ಬಂದ ಮಾಲಿಗೆ ಒಂದಿಷ್ಟು ಆದ್ಯತೆ ಕೊಡಬಹುದು.

ಕೇಂದ್ರ ಸರ್ಕಾರ 2025ರಲ್ಲಿ ಹೊರಡಿಸಿದ ಹೊಸ ಕಟ್ಟಡ ತ್ಯಾಜ್ಯ ನಿಯಮಗಳು 2026ರ ಏಪ್ರಿಲ್ 1ರಿಂದ ಜಾರಿ. 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಯೋಜನೆಗಳ ನಿರ್ಮಾಪಕರ ಮೇಲೆ ಅವಶೇಷದ ಹೊಣೆ ಬೀಳುತ್ತದೆ. ಒಳ್ಳೆಯದೇ. ಆದರೆ ನಮ್ಮ ಬೀದಿಗಳಲ್ಲಿ ಬೀಳುವುದು ಹೆಚ್ಚಾಗಿ ಮೂವತ್ತು-ನಲವತ್ತು ಅಡಿ ಸೈಟಿನ ಮನೆಗಳು. ಆ ಅವಶೇಷ ತಂದುಹಾಕಲು ಪ್ರತಿ ವಲಯದಲ್ಲಿ ಒಂದು ಜಾಗ ಗುರುತಿಸುವುದು, ಅಲ್ಲಿಂದ ಘಟಕಕ್ಕೆ ಸಾಗಿಸುವುದು ಪಾಲಿಕೆ ಮತ್ತು ರಾಜ್ಯದ ಕೆಲಸವಾಗಿಯೇ ಉಳಿಯುತ್ತದೆ.

ಇನ್ನು ಗೊಬ್ಬರ. ನಮ್ಮ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸ; ಅದಕ್ಕೆ ಸರಿಯಾದ ಜಾಗ ಹೊಲ. ಈ ಸತ್ಯವನ್ನು ಕರ್ನಾಟಕ ಬಹಳ ಬೇಗ ಕಂಡುಕೊಂಡಿತ್ತು. ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಸ್ಥಾಪನೆಯಾದದ್ದು 1975ರಲ್ಲಿ. ಐವತ್ತು ವರ್ಷದ ಹಿಂದೆಯೇ ನಗರದ ಕಸದಿಂದ ಗೊಬ್ಬರ ಮಾಡಲು ನಿಗಮ ಕಟ್ಟಿದ ರಾಜ್ಯ ಇದು. ಹಾಗಿದ್ದೂ ಗೊಬ್ಬರದ ಘಟಕಗಳ ಅಂಗಳದಲ್ಲಿ ಮಾರಾಟವಾಗದ ರಾಶಿ ಉಳಿಯುತ್ತಲೇ ಬಂದಿದೆ.

ರೈತ ಮೊದಲು ಮಾಡುವುದೇನು ಎಂದು ನೋಡಿ. ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಅಂಗೈಗೆ ಸುರಿದುಕೊಂಡು ಬೆರಳಾಡಿಸುತ್ತಾನೆ. ಒಂದು ಗಾಜಿನ ಚೂರು, ಒಂದು ಕವರಿನ ತುಣುಕು, ಒಂದು ಬ್ಲೇಡಿನ ಮುರುಕು ಸಿಕ್ಕಿತೋ, ಅಲ್ಲಿಗೆ ಮುಗಿಯಿತು. ಬರಿಗಾಲಲ್ಲಿ ಉಳುವ, ನಾಟಿ ಮಾಡುವ, ಕಳೆ ಕೀಳುವ ಜನ. ಗಾಜಿರುವ ಗೊಬ್ಬರವನ್ನು ಪುಕ್ಕಟೆ ಕೊಟ್ಟರೂ ಹೊಲಕ್ಕೆ ಹಾಕುವುದಿಲ್ಲ. ಒಬ್ಬರಿಗೆ ಒಮ್ಮೆ ಚುಚ್ಚಿದರೆ ಸುತ್ತ ಹತ್ತು ಹಳ್ಳಿಗೆ ಸುದ್ದಿ ಮುಟ್ಟುತ್ತದೆ. ಆದ್ದರಿಂದ ಗೊಬ್ಬರದ ಮಾರುಕಟ್ಟೆಯ ಕೆಲಸ ಶುರುವಾಗಬೇಕಾದ್ದು ಜರಡಿಯಿಂದ. ರಸಗೊಬ್ಬರ ನಿಯಂತ್ರಣ ಆದೇಶ ನಗರದ ಕಾಂಪೋಸ್ಟಿಗೆ ಖಚಿತ ಮಾನದಂಡ ಕೊಟ್ಟಿದೆ: 4 ಮಿ.ಮೀ. ಜರಡಿಯಲ್ಲಿ ಕನಿಷ್ಠ ಶೇ 90 ಇಳಿಯಬೇಕು, ಸಾವಯವ ಇಂಗಾಲ ಶೇ 12ಕ್ಕೆ ಕಡಿಮೆ ಇರಬಾರದು, ಸೀಸ ಕಿಲೋಗೆ 100 ಮಿಲಿಗ್ರಾಂ ಮೀರಬಾರದು, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದು. ಪ್ರತಿ ಬ್ಯಾಚಿನ ಗೊಬ್ಬರವನ್ನೂ ಕೃಷಿ ಇಲಾಖೆಯೇ ಪರೀಕ್ಷಿಸಿ, ಚೀಲದ ಮೇಲೆ ಕನ್ನಡದಲ್ಲಿ ಫಲಿತಾಂಶ ಮುದ್ರಿಸಿದರೆ ರೈತನಿಗೆ ನಂಬಿಕೆ ಬರುತ್ತದೆ. ಮಾಲು ಕೆಟ್ಟಿದ್ದರೆ ವಾಪಸ್ ತೆಗೆದುಕೊಳ್ಳುವ ಷರತ್ತೂ ಇರಲಿ.

ಬೆಲೆಯ ಪ್ರಶ್ನೆ ಆಮೇಲಿನದು, ಆದರೆ ಸಣ್ಣದಲ್ಲ. ಸಬ್ಸಿಡಿಯ ಯೂರಿಯಾ 45 ಕಿಲೋ ಚೀಲ ಸುಮಾರು 266 ರೂಪಾಯಿಗೆ ಸಿಗುವಾಗ, ಬಾಡಿಗೆ ಲಾರಿಯಲ್ಲಿ ಟನ್‌ಗಟ್ಟಲೆ ಕಾಂಪೋಸ್ಟ್ ತರುವುದು ಸಣ್ಣ ರೈತನಿಗೆ ಹೊರೆ. 2016ರಲ್ಲಿ ಕೇಂದ್ರ ಸರ್ಕಾರ ನಗರ ಕಾಂಪೋಸ್ಟಿಗೆ ಟನ್ನಿಗೆ 1,500 ರೂಪಾಯಿ ಮಾರುಕಟ್ಟೆ ನೆರವು ಘೋಷಿಸಿತು. 50 ಕಿಲೋ ಚೀಲಕ್ಕೆ ಲೆಕ್ಕ ಹಾಕಿದರೆ 75 ರೂಪಾಯಿ. 2021ರಲ್ಲಿ ಅದು ನಿಂತಿತು. ಯೋಜನೆ ನಂಬಿ ಘಟಕ ಹಾಕಿದವರು ನಡುನೀರಿನಲ್ಲಿ ಉಳಿದರು. ರಾಜ್ಯ ಸರ್ಕಾರ ಕಡೇಪಕ್ಷ ಸಾಗಾಣಿಕೆಯ ಖರ್ಚನ್ನಾದರೂ ಹೊತ್ತು, ಆ ಭರವಸೆಯನ್ನು ಐದಾರು ವರ್ಷಕ್ಕೆ ಮೊದಲೇ ಬರೆದುಕೊಡಬೇಕು. ವರ್ಷವರ್ಷ ಬದಲಾಗುವ ನೆರವನ್ನು ನಂಬಿ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ.

ಕಾಲದ ಲೆಕ್ಕವೂ ಇದೆ. ಹಸಿ ಕಸ ವರ್ಷದ 365 ದಿನವೂ ಬರುತ್ತದೆ. ರೈತ ಗೊಬ್ಬರ ಕೇಳುವುದು ಮುಂಗಾರಿಗೆ ಮುಂಚಿನ ಏಪ್ರಿಲ್-ಮೇ ತಿಂಗಳಲ್ಲಿ, ಹಿಂಗಾರಿಗೆ ಮುಂಚೆ ಇನ್ನೊಂದಿಷ್ಟು. ನಡುವಿನ ತಿಂಗಳುಗಳಲ್ಲಿ ಅದನ್ನು ಮಳೆಗೆ ತೋಯದಂತೆ ಇಡುವವರು ಯಾರು? ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ. ಅಲ್ಲೊಂದು ಶೆಡ್ ಹಾಕಿ, ಬೀಜದ ಜೊತೆಗೆ ಕಾಂಪೋಸ್ಟನ್ನೂ ಇಟ್ಟರೆ ಅರ್ಧ ತೊಡಕು ಕಳೆಯುತ್ತದೆ. ಉಳಿದ ಕಾಲಕ್ಕೆ ಸರ್ಕಾರವೇ ಗಿರಾಕಿ: ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳು, ತೋಟಗಾರಿಕೆ ಇಲಾಖೆಯ ಫಾರ್ಮುಗಳು, ಪಾಲಿಕೆಗಳ ಉದ್ಯಾನಗಳು, ಹೆದ್ದಾರಿ ಬದಿಯ ಗಿಡಗಳು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2016ರ ಕಾಯ್ದೆಯಡಿ ತನ್ನ ಪ್ರತಿ ನಗರವೂ ಜನಸಂಖ್ಯೆಗೆ ತಕ್ಕಂತೆ ಇಂತಿಷ್ಟು ಕಾಂಪೋಸ್ಟನ್ನೋ ಹಸಿ ಕಸದಿಂದಾದ ಇತರ ವಸ್ತುಗಳನ್ನೋ ಕೊಳ್ಳಲೇಬೇಕೆಂಬ ನಿಯಮ ತಂದಿದೆ. ಕಸ ಕಳಿಸಿದ ಊರು ಗೊಬ್ಬರವನ್ನು ವಾಪಸ್ ತೆಗೆದುಕೊಳ್ಳಬೇಕು ಎಂಬ ಈ ನ್ಯಾಯ ನಮ್ಮಲ್ಲೂ ಬರಬೇಕು.

ರಾಜ್ಯದ ಮಣ್ಣು ಇದಕ್ಕೆ ಕಾದು ಕೂತಿದೆ. 2009ರಲ್ಲಿ ಶುರುವಾದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳಲ್ಲಿ ಸತು, ಬೋರಾನ್, ಗಂಧಕಗಳ ಕೊರತೆ ಜಿಲ್ಲೆಯಿಂದ ಜಿಲ್ಲೆಗೆ ಕಂಡುಬಂತು. ಮಳೆಯಾಶ್ರಿತ ಹೊಲಗಳಲ್ಲಿ ಸಾವಯವ ಅಂಶ ಕುಗ್ಗಿದೆ. ಹಳ್ಳಿಯ ಹೊಲದಿಂದ ಸೊಪ್ಪು, ತರಕಾರಿ, ಹಣ್ಣಾಗಿ ನಗರಕ್ಕೆ ಬಂದ ಸಾರ ಹಳ್ಳಿಗೆ ಮರಳದಿದ್ದರೆ ಆ ಹೊಲ ಎಷ್ಟು ವರ್ಷ ಕೊಟ್ಟೀತು?

ಪ್ಲಾಸ್ಟಿಕ್‌ನಲ್ಲಿ ಕೇಂದ್ರದ ನಿಯಮಗಳೇ ಮುಂದಿವೆ. ಗಟ್ಟಿ ಪ್ಲಾಸ್ಟಿಕ್ ಪ್ಯಾಕೇಜುಗಳಲ್ಲಿ 2025–26ರಿಂದ ಶೇ 30 ಮರುಬಳಕೆಯ ಪ್ಲಾಸ್ಟಿಕ್ ಇರಬೇಕು, 2028–29ಕ್ಕೆ ಅದು ಶೇ 60 ಆಗಬೇಕು ಎಂದು ಕಂಪನಿಗಳಿಗೆ ಅವು ಗುರಿ ಕೊಟ್ಟಿವೆ. ರಾಜ್ಯದ ಪಾಲಿಗೆ ಉಳಿದಿರುವುದು ಕಾವಲು ಕೆಲಸ. ಮರುಬಳಕೆ ಮಾಡದೆಯೇ ಮಾಡಿದಂತೆ ತೋರಿಸಿದ ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರಗಳನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2023ರಲ್ಲಿ ಪತ್ತೆಹಚ್ಚಿತು. ಆ ಜಾಲದಲ್ಲಿ ಕರ್ನಾಟಕದ ಘಟಕವೂ ಇತ್ತು. ನಕಲಿ ಕಾಗದ ಅಗ್ಗಕ್ಕೆ ಸಿಕ್ಕರೆ ನಿಜವಾಗಿ ಪ್ಲಾಸ್ಟಿಕ್ ತೊಳೆದು ಕರಗಿಸುವವರ ಮಾಲನ್ನು ಯಾರು ಕೊಳ್ಳುತ್ತಾರೆ? ಪ್ರಾಮಾಣಿಕ ಘಟಕ ಮುಚ್ಚುತ್ತದೆ, ಅದರ ಹಿಂದೆಯೇ ಗುಜರಿ ಅಂಗಡಿಯ ರೇಟು ಬೀಳುತ್ತದೆ. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರತಿ ಘಟಕದ ವಿದ್ಯುತ್ ಬಿಲ್ಲನ್ನೂ ಅದು ತೋರಿಸಿದ ಟನ್ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ.

ಡಾಂಬರಿನಲ್ಲಿ ಪ್ಲಾಸ್ಟಿಕ್ ಬೆರೆಸುವ ವಿದ್ಯೆಯಲ್ಲಿ ಬೆಂಗಳೂರಿನ ಅಹ್ಮದ್ ಖಾನ್, ರಸೂಲ್ ಖಾನ್ ಸೋದರರು ಮತ್ತು ಮದುರೆಯ ಪ್ರಾಧ್ಯಾಪಕ ರಾಜಗೋಪಾಲನ್ ವಾಸುದೇವನ್ ಮೊದಲಿಗರು. 2015ರಲ್ಲಿ ಕೇಂದ್ರ ಸರ್ಕಾರ ದೊಡ್ಡ ನಗರಗಳ ಸುತ್ತಲ ರಸ್ತೆಗಳಿಗೆ ಇದನ್ನು ಕಡ್ಡಾಯ ಮಾಡಿತು. ಇಂಥ ರಸ್ತೆ ಸವೆದು ಪ್ಲಾಸ್ಟಿಕ್ ಕಣ ಮಣ್ಣಿಗೆ ಸೇರುವುದೇ ಎಂಬ ಪ್ರಶ್ನೆಗೆ ಒಳ್ಳೆಯ ಸಂಶೋಧನೆ ನಡೆಯಬೇಕು ಎಂಬುದು ನನ್ನ ಅಭಿಪ್ರಾಯ. ಬೇರೆ ಕಡೆ ರೇಟಿರುವ ಪ್ಲಾಸ್ಟಿಕನ್ನು ರಸ್ತೆಗೆ ಹಾಕುವುದಂತೂ ಬೇಡ. ಗಿರಾಕಿಯೇ ಇಲ್ಲದ ಆ ಮೂಲೆಯ ರಾಶಿಗೆ ಮಾತ್ರ ಈ ದಾರಿ ಇರಲಿ.

ಅದಕ್ಕಿಂತ ಸುಲಭದ ಕೆಲಸಗಳು ಕಣ್ಣೆದುರೇ ಇವೆ. ಪಂಚಾಯಿತಿಗಳು ಕಸ ವಿಂಗಡಿಸಲೆಂದು ಮನೆಮನೆಗೆ ಹಂಚುವ ಹಸಿರು, ನೀಲಿ ಬಕೆಟ್ಟುಗಳನ್ನು ಮರುಬಳಕೆಯ ಪ್ಲಾಸ್ಟಿಕ್ಕಿನಲ್ಲೇ ಮಾಡಿಸಬಹುದು. ಕಚೇರಿಯ ಫೈಲು, ರಟ್ಟಿನ ಪೆಟ್ಟಿಗೆಗಳಿಗೆ ರದ್ದಿಯಿಂದ ಮಾಡಿದ ಕಾಗದವೇ ಸಾಕು. ನಂಜನಗೂಡಿನ ಬಳಿ ರದ್ದಿ ಕಾಗದ ಬಳಸುವ ಕಾರ್ಖಾನೆ ದಶಕಗಳಿಂದ ನಡೆಯುತ್ತಿದೆ. ಕರ್ನಾಟಕ ಪಠ್ಯಪುಸ್ತಕ ಸಂಘ ಪ್ರತಿ ವರ್ಷ ಕೋಟಿಗಟ್ಟಲೆ ಪುಸ್ತಕ ಅಚ್ಚು ಹಾಕಿಸುತ್ತದೆ. ಅದರ ಕಾಗದದಲ್ಲಿ ಸಣ್ಣ ಪಾಲಿನಿಂದ ಶುರುಮಾಡಿ ಮೂರು ವರ್ಷದಲ್ಲಿ ಏರಿಸುತ್ತ ಹೋಗುತ್ತೇವೆಂದು ಮೊದಲೇ ಪ್ರಕಟಿಸಿದರೆ ಗಿರಣಿಗಳು ಯಂತ್ರ ಹಾಕಲು ಮುಂದೆ ಬರುತ್ತವೆ.

ಎರಡು ಮಾತು ಹಣಕಾಸು ಇಲಾಖೆಗೆ. ಮೊದಲನೆಯದು ಬಿಲ್. ಮರುಬಳಕೆಯ ಘಟಕಗಳಲ್ಲಿ ಬಹುಪಾಲು ಸಣ್ಣವು. ಗುಜರಿಯವರಿಗೆ ಅವು ಅಂದಂದೇ ನಗದು ಕೊಡಬೇಕು. ಸರ್ಕಾರ ಅವಕ್ಕೆ ತಿಂಗಳುಗಟ್ಟಲೆ ಬಿಲ್ ಬಾಕಿ ಉಳಿಸಿದರೆ ಆರ್ಡರ್ ಕೊಟ್ಟು ಮುಳುಗಿಸಿದಂತೆ. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಸಲ್ಲಬೇಕೆಂದು ಕಾನೂನೇ ಹೇಳುತ್ತದೆ. ಎರಡನೆಯದು ತೆರಿಗೆ. ಪ್ಲಾಸ್ಟಿಕ್ ಗುಜರಿಯ ಮೇಲಿನ ಜಿಎಸ್‌ಟಿ 2021ರ ಅಕ್ಟೋಬರ್‌ನಲ್ಲಿ ಶೇ 5ರಿಂದ ಶೇ 18ಕ್ಕೆ ಏರಿತು. ಬಿಲ್ಲಿಲ್ಲದೆ ನಡೆಯುವ ವ್ಯಾಪಾರವನ್ನು ಇದು ಬಿಲ್ಲಿನ ಕಡೆಗೆ ಎಳೆಯಲಿಲ್ಲ, ಇನ್ನಷ್ಟು ದೂರ ತಳ್ಳಿತು. ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕಕ್ಕೆ ಕುರ್ಚಿಯಿದೆ. ಆ ಕುರ್ಚಿಯಿಂದ ಈ ಮಾತನ್ನು ಗಟ್ಟಿಯಾಗಿ ಎತ್ತಬೇಕು.

ನಾಯಂಡಹಳ್ಳಿಯಂಥ ಕಡೆ ಇಕ್ಕಟ್ಟಿನ ಶೆಡ್ಡುಗಳಲ್ಲಿ, ಯಾವಾಗ ನೋಟಿಸು ಬರುವುದೋ ಎಂಬ ಆತಂಕದಲ್ಲಿ ಈ ಕಸುಬು ನಡೆಯುತ್ತಿದೆ. ಇವರನ್ನು ಓಡಿಸುವ ಬದಲು ಕೈಗಾರಿಕಾ ಪ್ರದೇಶಗಳಲ್ಲಿ ಜಾಗ ಕೊಟ್ಟು, ತೊಳೆದ ನೀರನ್ನು ಶುದ್ಧೀಕರಿಸಲು ಎಲ್ಲರಿಗೂ ಸೇರಿ ಒಂದು ಘಟಕ ಕಟ್ಟಿಕೊಟ್ಟರೆ ಮಾಲಿನ್ಯವೂ ಇಳಿಯುತ್ತದೆ, ಮಾಲಿನ ಗುಣಮಟ್ಟವೂ ಏರುತ್ತದೆ.

ಮುಖ್ಯ ಕಾರ್ಯದರ್ಶಿಗಳ ಹಂತದಲ್ಲಿ ಒಂದು ಆದೇಶ, ಮುಂದಿನ ಎಸ್.ಆರ್.ನಲ್ಲಿ ಕೆಲವು ಹೊಸ ಸಾಲುಗಳು, ಪ್ರತಿ ಇಲಾಖೆ ವರ್ಷಕ್ಕೊಮ್ಮೆ ತಾನು ಕೊಂಡ ಮರುಬಳಕೆಯ ವಸ್ತುವಿನ ಲೆಕ್ಕವನ್ನು ವಿಧಾನಮಂಡಲದ ಮುಂದಿಡುವ ಕಟ್ಟುಪಾಡು: ಇಷ್ಟಕ್ಕೆ ಹೊಸ ನಿಗಮವಾಗಲೀ ಸಾವಿರಾರು ಕೋಟಿಯ ಯೋಜನೆಯಾಗಲೀ ಬೇಕಿಲ್ಲ. ಓದುಗರಲ್ಲಿ ನನ್ನ ಕೋರಿಕೆಯೂ ಒಂದಿದೆ. ಮುಂದಿನ ಗ್ರಾಮಸಭೆಗೋ ವಾರ್ಡ್ ಸಮಿತಿಯ ಸಭೆಗೋ ಹೋದಾಗ, ನಿಮ್ಮ ಬೀದಿಯ ಚರಂಡಿ ಅಥವಾ ರಸ್ತೆಯ ಎಸ್ಟಿಮೇಟ್ ಕೇಳಿ ಪಡೆಯಿರಿ. ಅದರಲ್ಲಿ ಮರುಬಳಕೆಯ ಜಲ್ಲಿ, ಬ್ಲಾಕು, ಗೊಬ್ಬರ ಎಷ್ಟಿದೆ ಎಂದು ಎಂಜಿನಿಯರನ್ನು ಕೇಳಿ, ಅವರು ಕೊಟ್ಟ ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿ.